ಮೊದಲ ಸಭೆಗೆ ಮುಂಚೆ: ನಮ್ಮ ಶಾಲೆಗಳ ಎಸ್‌ಡಿಎಂಸಿ ಸದಸ್ಯರಿಗೆ ಒಂದು ಬಹಿರಂಗ ಪತ್ರ

ದೊಡ್ಡಮಳೂರು ಹಾಗೂ ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ ತಾಲ್ಲೂಕುಗಳ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,



ಬೇಸಿಗೆ ರಜೆ ಮುಗಿಯುತ್ತ ಬಂತು. ಹೊಸ ವರ್ಷದ ಮೊದಲ ಸಭೆಯಲ್ಲಿ ನೀವು ಸೋರುವ ಕೊಠಡಿ, ಶೌಚಾಲಯದ ನೀರು, ಸಮವಸ್ತ್ರ, ಬಿಸಿಯೂಟದ ಬೇಳೆ ಇವುಗಳ ಬಗ್ಗೆ ಮಾತಾಡುತ್ತೀರಿ. ಮಾತಾಡಲೇಬೇಕು. ಆ ಪಟ್ಟಿಗೆ ಇನ್ನೊಂದು ವಿಷಯ ಸೇರಿಸಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಶಾಲೆಗಳಿಗೆ ಬರುವ ಇರುಳಿಗ ಬುಡಕಟ್ಟಿನ ಮಕ್ಕಳನ್ನು ಉಳಿದ ಮಕ್ಕಳು, ಆ ಮಕ್ಕಳ ಅಪ್ಪ ಅಮ್ಮಂದಿರು, ಕೆಲವು ಕಡೆ ಮೇಷ್ಟ್ರು ಮೇಡಂಗಳೂ ನೋಡುವ ರೀತಿ ಸರಿಯಿಲ್ಲ. ಅದನ್ನು ಬದಲಾಯಿಸಬಹುದು. ಹೇಗೆ ಬದಲಾಯಿಸಬಹುದು ಎಂಬುದನ್ನು ಎಪ್ಪತ್ತು ವರ್ಷಗಳಿಂದ ಪರೀಕ್ಷೆ ಮಾಡಿ ನೋಡುತ್ತ ಬಂದಿರುವ ಶಾಸ್ತ್ರವೊಂದಿದೆ. ನಾನು ಕಾಲೇಜಿನಲ್ಲಿ ಪಾಠ ಮಾಡುವುದು ಅದನ್ನೇ, ಸಾಮಾಜಿಕ ಮನೋವಿಜ್ಞಾನವನ್ನು. ಅದರಲ್ಲಿ ಗೊತ್ತಾಗಿರುವ ಸಂಗತಿಗಳು ಪಠ್ಯಪುಸ್ತಕದಲ್ಲೇ ಉಳಿದರೆ ಯಾರಿಗೂ ಪ್ರಯೋಜನವಿಲ್ಲ. ಅವು ಕೆಲಸಕ್ಕೆ ಬರುವುದು ನಿಮ್ಮ ಕೈಗೆ ಬಂದಾಗ.

ದೊಡ್ಡಮಳೂರಿನಲ್ಲಿ ಕೂತು ಇರುಳಿಗರ ಮಾತು ಯಾಕೆ ಎಂದು ನಮ್ಮೂರಿನ ಕೆಲವರಿಗೆ ಅನ್ನಿಸಬಹುದು. ನಮ್ಮದು ಹೆದ್ದಾರಿ ಪಕ್ಕದ ಊರು, ಕಣ್ವ ನದಿಯ ಬಯಲು. ಕಾಡು ಇಲ್ಲಿಂದ ದೂರ. ಅಪ್ರಮೇಯಸ್ವಾಮಿಯ ದರ್ಶನಕ್ಕೆ, ಅಂಬೆಗಾಲು ನವನೀತಕೃಷ್ಣನಿಗೆ ತೊಟ್ಟಿಲು ಹರಕೆ ಒಪ್ಪಿಸುವುದಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಮಕ್ಕಳಾಗಲಿ ಎಂದು ಬೇಡಿಕೊಳ್ಳಲು ನಾಡಿನ ಜನ ಹುಡುಕಿಕೊಂಡು ಬರುವ ಊರು ಇದು. ಹಾಗಿರುವಾಗ ಇಲ್ಲಿಂದ ಒಂದೆರಡು ಗಂಟೆ ದಾರಿಯ ಒಳಗೆ ಹುಟ್ಟಿದ ಒಂದು ಮಗುವನ್ನು ಹತ್ತಿರ ಕೂರಿಸಿಕೊಳ್ಳಲು ಇನ್ನೊಂದು ಮಗು ಒಲ್ಲೆ ಎಂದರೆ ಅದು ನಮ್ಮೂರಿನ ವಿಷಯವೂ ಹೌದು.

ಸಾವನದುರ್ಗದ ತಪ್ಪಲು, ರಾಮನಗರದ ಬಂಡೆಗಳ ನಡುವಿನ ಕಾಡು, ಬನ್ನೇರುಘಟ್ಟದ ಅಂಚು, ಕನಕಪುರದ ಕಡೆಯ ಗುಡ್ಡಗಳು, ಇಲ್ಲೆಲ್ಲ ಇರುಳಿಗರು ತಲೆತಲಾಂತರದಿಂದ ಬದುಕಿದವರು. ಜೇನು, ಸೀಗೆಕಾಯಿ, ಬಿದಿರು, ಗೆಡ್ಡೆಗೆಣಸು ಇವರ ಬಾಳಿಗೆ ಆಧಾರವಾಗಿದ್ದವು. ಮನೆಯೊಳಗೆ ಇವರಿಗೆ ತಮ್ಮದೇ ಮಾತುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1974ರಲ್ಲಿ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವಾಯಿತು, ಮೀಸಲು ಅರಣ್ಯಗಳ ಕಾವಲು ಬಿಗಿಯಾಯಿತು. ಕಾಡಿನೊಳಗಿದ್ದವರು ಅಂಚಿಗೆ ಬಂದರು, ಅಂಚಿನಲ್ಲಿದ್ದವರು ಕೂಲಿಯವರಾದರು. ಇವತ್ತು ಅವರು ನಮ್ಮ ಮಾವಿನ ತೋಪು ಕಾಯುತ್ತಾರೆ, ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾರೆ, ಇಟ್ಟಿಗೆಗೂಡಿಗೆ, ಕಲ್ಲುಕೋರೆಗೆ ಮುಂಗಡ ಈಸಿಕೊಂಡು ಸಂಸಾರ ಸಮೇತ ಹೋಗುತ್ತಾರೆ. ಜೀತ ಪದ್ಧತಿ 1976ರಲ್ಲೇ ಕಾನೂನಿನ ಪ್ರಕಾರ ರದ್ದಾಯಿತು. ಮುಂಗಡದ ಲೆಕ್ಕ ಮಾತ್ರ ಇನ್ನೂ ಎಷ್ಟೋ ಮನೆಗಳಲ್ಲಿ ತೀರಿಲ್ಲ. 2007ರಲ್ಲಿ ರಾಮನಗರ ಜಿಲ್ಲೆ ಆಯಿತು, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರೂ ಬಂತು. ಎಲ್ಲರಿಗಿಂತ ಮುಂಚೆ ಈ ನೆಲದಲ್ಲಿದ್ದವರ ಮಕ್ಕಳು ಇನ್ನೂ ತರಗತಿಯ ಕೊನೆಯ ಸಾಲಿನಲ್ಲಿದ್ದಾರೆ.

ಅವರ ಬಗ್ಗೆ ನಮ್ಮ ಜಗಲಿಗಳಲ್ಲಿ ಏನು ಮಾತು ನಡೆಯುತ್ತದೆ ಎಂದು ನಿಮಗೆ ಗೊತ್ತು. "ಅವ್ರಿಗೇನು ಬಿಡಿ, ಸರ್ಕಾರ ಎಲ್ಲಾ ಕೊಡುತ್ತೆ." "ಕೊಟ್ಟಿದ್ದನ್ನೆಲ್ಲ ಕುಡಿದು ಹಾಳು ಮಾಡ್ತಾರೆ." "ಕಾಡು ನುಂಗ್ಕೊಂಡು ಕೂತವ್ರೆ." "ಇಲಿ ತಿನ್ನೋ ಜನ, ಮಕ್ಕಳನ್ನ ಅವ್ರ ಜೊತೆ ಕೂರಿಸ್ಬೇಡಿ ಮೇಡಂ." ಈ ಮಾತು ಆಡುವವರು ಕೆಟ್ಟವರೇನಲ್ಲ. ಕಷ್ಟ ಅಂದರೆ ಅದೇ ಮನೆಯವರು ಒಂದು ಸೇರು ರಾಗಿ ಅಳೆದು ಕೊಡುತ್ತಾರೆ. ಆದರೆ ಆ ಮಾತು ಕೇಳಿಕೊಂಡೇ ಮಕ್ಕಳು ಬೆಳೆಯುತ್ತವೆ.

ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಪರ್ತ್ ಕಡೆ ಆ್ಯನ್ ಪೆಡರ್ಸನ್ ಎಂಬ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು ಅಲ್ಲಿನ ಮೂಲನಿವಾಸಿಗಳ ಬಗ್ಗೆ ಬಿಳಿಯರಿಗೆ ಇರುವ ಪೂರ್ವಗ್ರಹವನ್ನು ಅಧ್ಯಯನ ಮಾಡಿದರು. ಅಲ್ಲಿ ಜನ ನಂಬಿಕೊಂಡಿದ್ದ ಸುಳ್ಳುಗಳು ಯಾವುವು ಗೊತ್ತೇ? ಅವರಿಗೆ ಸರ್ಕಾರ ನಮಗಿಂತ ಹೆಚ್ಚು ಭತ್ಯೆ ಕೊಡುತ್ತದೆ, ಅವರ ಕಾರಿನ ಸಾಲದ ಕಂತನ್ನೂ ಸರ್ಕಾರವೇ ಕಟ್ಟುತ್ತದೆ, ಅವರಲ್ಲಿ ಕುಡಿಯುವವರೇ ಹೆಚ್ಚು. ಒಂದೂ ನಿಜವಲ್ಲ. ಯಾರು ಇಂಥ ಸುಳ್ಳುಗಳನ್ನು ನಂಬಿದ್ದರೋ ಅವರಲ್ಲೇ ಪೂರ್ವಗ್ರಹವೂ ಹೆಚ್ಚಿತ್ತು. ಸಾವಿರಾರು ಮೈಲಿ ಆಚೆಯ ಇನ್ನೊಂದು ಖಂಡದಲ್ಲಿ ಹೆಚ್ಚುಕಡಿಮೆ ನಮ್ಮ ಜಗಲಿಯ ಮಾತೇ ಇದೆ. ಅಂದ ಮೇಲೆ ಈ ಮಾತು ಹುಟ್ಟುವುದು ಇರುಳಿಗರ ನಡತೆಯಿಂದಲ್ಲ. ನೆಲ ಕಳೆದುಕೊಂಡವರ ಬಗ್ಗೆ ನೆಲ ಇರುವವರು ಎಲ್ಲ ಕಡೆಯೂ ಹೀಗೇ ಮಾತಾಡುತ್ತಾರೆ. ಸುಳ್ಳನ್ನು ಸುಳ್ಳು ಎಂದು ಸಮಾಧಾನವಾಗಿ, ವಿವರ ಕೊಟ್ಟು ಹೇಳಬೇಕಾಗುತ್ತದೆ.

ಹಾಗಾಗಿ ವಿವರ ಹೇಳುತ್ತೇನೆ. ಪರಿಶಿಷ್ಟ ಪಂಗಡಕ್ಕೆ ರಾಜ್ಯದಲ್ಲಿ ಇದ್ದ ಮೀಸಲಾತಿ ಶೇಕಡ 3. ಅದು ಶೇಕಡ 7ಕ್ಕೆ ಏರಿದ್ದು 2022ರಲ್ಲಿ. ಅದನ್ನು ಸುಮಾರು ಐವತ್ತು ಸಮುದಾಯಗಳು ಹಂಚಿಕೊಳ್ಳಬೇಕು. ಹತ್ತನೇ ತರಗತಿ ಮುಟ್ಟುವ ಮುಂಚೆಯೇ ಶಾಲೆ ಬಿಡುವ ಮಗುವಿಗೆ ಅದರಲ್ಲಿ ಸಿಗುವುದು ಏನೂ ಇಲ್ಲ. ಇನ್ನು ಕಾಡು ನುಂಗಿದರು ಎಂಬ ಮಾತು. 2006ರ ಅರಣ್ಯ ಹಕ್ಕು ಕಾಯ್ದೆ ಹೇಳುವುದು ಇಷ್ಟು: 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅರಣ್ಯಭೂಮಿಯಲ್ಲಿ ವಾಸವಿದ್ದು ಅದನ್ನೇ ನಂಬಿಕೊಂಡಿರುವ ಪರಿಶಿಷ್ಟ ಪಂಗಡದವರಿಗೆ ತಾವು ಅನುಭವಿಸುತ್ತಿರುವ ಜಮೀನಿನ ಮೇಲೆ, 4 ಹೆಕ್ಟೇರ್ ಮೀರದಂತೆ, ಹಕ್ಕು ಇದೆ. ಇದು ಸರ್ಕಾರ ಕೊಡುವ ದಾನವಲ್ಲ, ಮೊದಲೇ ಇದ್ದ ಹಕ್ಕನ್ನು ಒಪ್ಪಿಕೊಳ್ಳುವುದು. ಕಾಯ್ದೆಯ ಪೀಠಿಕೆಯೇ ಅವರಿಗೆ ಚಾರಿತ್ರಿಕ ಅನ್ಯಾಯ ಆಗಿದೆ ಎಂದು ಒಪ್ಪಿಕೊಂಡಿದೆ. ಒತ್ತುವರಿದಾರ ಎಂದು ಅವರನ್ನು ಕರೆಯುವ ಮುಂಚೆ ಆ ಪೀಠಿಕೆಯನ್ನು ಯಾರಾದರೂ ಸಭೆಯಲ್ಲಿ ಓದಿ ಹೇಳಲಿ.

ಇನ್ನು ಶಾಲೆಯ ಒಳಗೆ ಬರೋಣ. ಊರಿನ ಹೆಸರು ಬೇಡ, ಶಾಲೆಯ ಹೆಸರೂ ಬೇಡ. ವಿದ್ಯಾರ್ಥಿವೇತನದ ಅರ್ಜಿ ಹಂಚುವ ದಿನ ನಾನು ಆ ತರಗತಿಯಲ್ಲಿದ್ದೆ. "ಎಸ್‌ಟಿ ಮಕ್ಕಳು ಎದ್ದು ನಿಂತ್ಕೊಳ್ಳಿ" ಎಂದರು. ಇಬ್ಬರು ಎದ್ದರು. ಐದನೇ ತರಗತಿಯ ಒಬ್ಬ ಹುಡುಗಿ ಅರ್ಧ ಎದ್ದು, ಬೆಂಚಿಗೆ ಮಂಡಿ ತಾಗಿಸಿಕೊಂಡು ನಿಂತಳು. ಅರ್ಜಿ ಕೈಗೆ ಬಂದ ತಕ್ಷಣ ಅದನ್ನು ನಾಲ್ಕು ಮಡಿಕೆ ಮಾಡಿ ಲೆಕ್ಕದ ಪುಸ್ತಕದೊಳಗೆ ತೂರಿಸಿ, ಪುಸ್ತಕದ ಮೇಲೆ ಮೊಣಕೈ ಊರಿ ಕೂತಳು. ಆ ಗಂಟೆಯಲ್ಲಿ ಆಮೇಲೆ ಅವಳು ಒಂದು ಸಲವೂ ಕೈ ಎತ್ತಲಿಲ್ಲ. ಅದಕ್ಕೆ ಮುಂಚೆ ಗುಣಾಕಾರದ ಎರಡು ಲೆಕ್ಕಕ್ಕೆ ಉತ್ತರ ಹೇಳಿದ್ದವಳು ಅವಳೇ. ಅರ್ಜಿ ಹಂಚಿದವರಿಗೆ ಅವಳ ಮೇಲೆ ದ್ವೇಷ ಇರಲಿಲ್ಲ. ಅವರ ಕಣ್ಣು ಪಟ್ಟಿಯ ಮೇಲಿತ್ತು, ಹುಡುಗಿಯ ಮೇಲೆ ಇರಲಿಲ್ಲ.

ಇಂಥ ಗಳಿಗೆ ಮಗುವಿನ ಬುದ್ಧಿಗೆ ಏನು ಮಾಡುತ್ತದೆ ಎಂಬುದನ್ನು ಕಾರ್ಲಾ ಹಾಫ್ ಮತ್ತು ಪ್ರಿಯಾಂಕ ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಪರೀಕ್ಷಿಸಿದ್ದಾರೆ. ಆರು ಮತ್ತು ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ಚಕ್ರವ್ಯೂಹದ ಒಗಟು ಬಿಡಿಸಲು ಕೊಟ್ಟರು. ಜಾತಿ ಯಾರಿಗೂ ಗೊತ್ತಿಲ್ಲದಂತೆ ಕೂರಿಸಿದಾಗ ಕೆಳಜಾತಿಯ ಹುಡುಗರು ಮೇಲ್ಜಾತಿಯ ಹುಡುಗರಷ್ಟೇ ಬಿಡಿಸಿದರು. ಎಲ್ಲರ ಎದುರು ಹೆಸರಿನ ಜೊತೆ ಜಾತಿಯನ್ನೂ ಕೂಗಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ್ದು ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆಯಾಯಿತು. ಕಲಿಸಿದ ಪಾಠ ಬೇರೆಯಲ್ಲ, ಕೊಟ್ಟ ಒಗಟು ಬೇರೆಯಲ್ಲ. ಕೂಗಿದ ಒಂದು ಮಾತು ಅಷ್ಟು ಕೆಲಸ ಮಾಡಿತು. ಅಂದ ಮೇಲೆ ಅರ್ಜಿಯನ್ನು ಕೂಗಿ ಹಂಚುವುದನ್ನು ನಿಲ್ಲಿಸಿದರೆ ಆಗುವ ಒಳ್ಳೆಯದೂ ಸಣ್ಣದಲ್ಲ. ಇದಕ್ಕೆ ಅನುದಾನ ಬೇಕಿಲ್ಲ. ಅಪ್ಪ ಅಮ್ಮನನ್ನು ಕರೆಸಿ ಕೈಗೆ ಕೊಡಿ, ಇಲ್ಲವೇ ಪ್ರತಿ ಮಗುವಿಗೂ ಒಂದೊಂದು ಲಕೋಟೆ ಕೊಟ್ಟು, ಬೇಕಾದವರ ಲಕೋಟೆಯೊಳಗೆ ಅರ್ಜಿ ಇಡಿ.

ಈಗ ಪೂರ್ವಗ್ರಹದ ಮೂಲಕ್ಕೆ ಬರುತ್ತೇನೆ. 1954ರಲ್ಲಿ ಅಮೆರಿಕದ ಗಾರ್ಡನ್ ಆಲ್ಪೋರ್ಟ್ ಪೂರ್ವಗ್ರಹದ ಸ್ವರೂಪದ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದ. ಬೇರೆ ಬೇರೆ ಗುಂಪಿನ ಜನ ಪರಸ್ಪರ ಒಡನಾಡಿದರೆ ಪೂರ್ವಗ್ರಹ ಕರಗುತ್ತದೆ, ಆದರೆ ಬರೀ ಒಡನಾಟ ಸಾಲದು ಎಂದ. ಇಬ್ಬರೂ ಸಮಾನರಾಗಿ ಕೂಡಬೇಕು, ಇಬ್ಬರಿಗೂ ಗುರಿ ಒಂದೇ ಇರಬೇಕು, ಆ ಗುರಿ ಒಬ್ಬರಿಗೊಬ್ಬರು ನೆರವಾದರೆ ಮಾತ್ರ ಕೈಗೆ ಸಿಗುವಂತಿರಬೇಕು, ಮತ್ತೆ ಹಿರಿಯರು, ಅಧಿಕಾರದಲ್ಲಿರುವವರು ಅದಕ್ಕೆ ಒಪ್ಪಿಗೆ ಕೊಟ್ಟು ಬೆನ್ನಿಗೆ ನಿಲ್ಲಬೇಕು. 2006ರಲ್ಲಿ ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ ಈ ಬಗ್ಗೆ ಜಗತ್ತಿನಾದ್ಯಂತ ನಡೆದ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಒಡನಾಟ ಹೆಚ್ಚಾದಂತೆ ಪೂರ್ವಗ್ರಹ ಇಳಿಯುವುದು ಬಹುತೇಕ ಎಲ್ಲದರಲ್ಲೂ ಕಂಡುಬಂತು, ಆಲ್ಪೋರ್ಟ್ ಹೇಳಿದಂತೆ ಏರ್ಪಾಡು ಮಾಡಿದ ಕಡೆ ಇನ್ನೂ ಹೆಚ್ಚಾಗಿ ಇಳಿದಿತ್ತು.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬೇಕು. ಇರುಳಿಗರ ಜೊತೆ ನಮಗೆ ಒಡನಾಟ ಇಲ್ಲವೇ? ನಮ್ಮ ತೋಪಿನಲ್ಲಿ ಗುಡಿಸಲು ಹಾಕಿಕೊಂಡು ಹೂವಿನಿಂದ ಹಣ್ಣಿನವರೆಗೆ ಕಾಯುವವರು ಅವರು. ನಮ್ಮ ರೇಷ್ಮೆ ಮನೆಗೆ ಸೊಪ್ಪು ಹೊರುವವರು ಅವರು. ವರ್ಷಗಟ್ಟಲೆ ಮುಖ ನೋಡಿಕೊಂಡಿದ್ದರೂ ಪೂರ್ವಗ್ರಹ ಯಾಕೆ ಕರಗಲಿಲ್ಲ? ಯಾಕೆಂದರೆ ಅದು ಯಜಮಾನನಿಗೂ ಕೂಲಿಯವನಿಗೂ ಇರುವ ಒಡನಾಟ. ಒಬ್ಬ ಕುರ್ಚಿಯಲ್ಲಿ, ಇನ್ನೊಬ್ಬ ಅಂಗಳದಲ್ಲಿ. ಒಬ್ಬ ಹೇಳುತ್ತಾನೆ, ಇನ್ನೊಬ್ಬ ತಲೆ ಆಡಿಸುತ್ತಾನೆ. ಹಾಗೆ ಎಷ್ಟು ವರ್ಷ ಕಂಡರೂ ಇವರು ತಲೆ ಆಡಿಸುವ ಜನ ಎಂಬ ನಂಬಿಕೆಯೇ ಗಟ್ಟಿಯಾಗುತ್ತದೆ. ದೊಡ್ಡವರ ಈ ಸಂಬಂಧವನ್ನು ನಾಳೆಯೇ ಬದಲಾಯಿಸುವ ಶಕ್ತಿ ನಿಮಗಿಲ್ಲ ಎಂದು ನನಗೆ ಗೊತ್ತು. ಆದರೆ ನಮ್ಮ ಸೀಮೆಯಲ್ಲಿ ಗೌಡರ ಮಗಳೂ ಇರುಳಿಗರ ಮಗಳೂ ಒಂದೇ ಬಣ್ಣದ ಬಟ್ಟೆ ಹಾಕಿ, ಒಂದೇ ಪುಸ್ತಕ ಹಿಡಿದು, ಒಂದೇ ಗಂಟೆಗೆ ಎದ್ದು ಕೂರುವ ಜಾಗ ಒಂದಿದೆ. ಅದು ಸರ್ಕಾರಿ ಶಾಲೆ. ಆಲ್ಪೋರ್ಟ್ ಕೇಳಿದ್ದನ್ನೆಲ್ಲ ಒದಗಿಸಬಲ್ಲ ಜಾಗ ಬೇರೆ ಯಾವುದೂ ನನಗೆ ಕಾಣುತ್ತಿಲ್ಲ.

ದೆಹಲಿಯಲ್ಲಿ ನಡೆದದ್ದನ್ನು ಕೇಳಿ. 2007ರಿಂದ ಅಲ್ಲಿನ ಹಲವು ಪ್ರತಿಷ್ಠಿತ ಖಾಸಗಿ ಶಾಲೆಗಳು ಬಡ ಮಕ್ಕಳನ್ನು ಸೇರಿಸಿಕೊಳ್ಳಬೇಕಾಯಿತು. ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞ ಬಡ ಸಹಪಾಠಿಗಳ ಜೊತೆ ಓದಿದ ಶ್ರೀಮಂತ ಮಕ್ಕಳನ್ನೂ ಹಾಗೆ ಓದದವರನ್ನೂ ಹೋಲಿಸಿ ನೋಡಿದರು. ಜೊತೆ ಓದಿದವರು ಹೆಚ್ಚು ಉದಾರಿಗಳಾಗಿದ್ದರು. ರಿಲೇ ಓಟಕ್ಕೆ ಜೊತೆಗಾರನನ್ನು ಆರಿಸಿಕೊಳ್ಳಿ ಎಂದಾಗ ಬಡವ ಎಂಬ ಕಾರಣಕ್ಕೆ ವೇಗದ ಓಟಗಾರನನ್ನು ಬಿಡುವುದು ಅವರಲ್ಲಿ ಕಡಿಮೆಯಾಗಿತ್ತು. ಇದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಇನ್ನೊಂದು. ಕೆಲವು ಶಾಲೆಗಳಲ್ಲಿ ಓದುವ ಗುಂಪುಗಳನ್ನು ಹೆಸರಿನ ಮೊದಲ ಅಕ್ಷರದ ಪ್ರಕಾರ ಮಾಡುತ್ತಿದ್ದರು. ಅಕ್ಷರದ ದೆಸೆಯಿಂದ ಬಡ ಮಗುವಿನ ಗುಂಪಿಗೆ ಬಿದ್ದ ಮಕ್ಕಳಲ್ಲಿ ಬದಲಾವಣೆ ಎದ್ದು ಕಂಡಿತು. ಒಂದೇ ಕಟ್ಟಡದಲ್ಲಿ ಇದ್ದರೆ ಸಾಲದು, ಪಕ್ಕದಲ್ಲಿ ಕೂತು ಒಟ್ಟಿಗೆ ಕೆಲಸ ಮಾಡಬೇಕು.

ಹಾಗಾದರೆ ನಮ್ಮ ತರಗತಿಗಳಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದನ್ನು ಯಾರು ತೀರ್ಮಾನಿಸುತ್ತಾರೆ? ಹೆಚ್ಚಿನ ಕಡೆ ಯಾರೂ ತೀರ್ಮಾನಿಸುವುದಿಲ್ಲ. ಮೊದಲ ದಿನ ಪರಿಚಯದವರು ಪರಿಚಯದವರ ಪಕ್ಕ ಕೂರುತ್ತಾರೆ, ಇರುಳಿಗರ ಕಾಲೋನಿಯ ಮಕ್ಕಳು ಹಿಂದೆ ಉಳಿಯುತ್ತಾರೆ, ಅದೇ ವರ್ಷಪೂರ್ತಿ ಪದ್ಧತಿಯಾಗುತ್ತದೆ. ಬಿಸಿಯೂಟದ ಸಾಲಿನಲ್ಲೂ ಹೀಗೇ. ಹೆಸರಿನ ಅಕ್ಷರದ ಪ್ರಕಾರ ಕೂರಿಸಿ, ತಿಂಗಳಿಗೊಮ್ಮೆ ಬದಲಾಯಿಸಿ ಎಂದು ಸಮಿತಿ ಒಂದು ಠರಾವು ಮಾಡಿದರೆ ಮೇಷ್ಟ್ರ ಮೇಲೆ ಯಾರೂ ಸಿಟ್ಟಾಗುವುದಿಲ್ಲ. "ನನ್ನ ಮಗಳನ್ನ ಯಾಕೆ ಅವಳ ಪಕ್ಕ ಕೂರಿಸಿದ್ರಿ" ಎಂದು ಕೇಳಿಕೊಂಡು ಬರುವ ತಾಯಿಗೆ ಉತ್ತರವೂ ಸಿದ್ಧ ಇರುತ್ತದೆ: ಎಲ್ಲರಿಗೂ ಇದೇ ನಿಯಮ ಕಣಮ್ಮ.

ಪಾಠಕ್ಕೂ ಒಂದು ದಾರಿ ಇದೆ. 1971ರಲ್ಲಿ ಅಮೆರಿಕದ ಆಸ್ಟಿನ್ ಊರಿನಲ್ಲಿ ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದಾಗ ತರಗತಿಗಳಲ್ಲಿ ಜಗಳವೋ ಜಗಳ. ಎಲಿಯಟ್ ಆರನ್ಸನ್ ಎಂಬ ಮನೋವಿಜ್ಞಾನಿ ಪಾಠವನ್ನು ತುಂಡು ಮಾಡಿ ಹಂಚುವ ಕ್ರಮ ತಂದ. ಐದಾರು ಮಕ್ಕಳ ಮಿಶ್ರ ಗುಂಪು, ಪಾಠದ ಒಂದೊಂದು ಭಾಗ ಒಬ್ಬೊಬ್ಬರಿಗೆ. ಪ್ರತಿಯೊಬ್ಬರೂ ತಮ್ಮ ಭಾಗ ಕಲಿತು ಉಳಿದವರಿಗೆ ಹೇಳಿಕೊಡಬೇಕು. ಯಾರಾದರೂ ತೊದಲಿದರು ಎಂದು ನಕ್ಕರೆ ನಕ್ಕವರಿಗೇ ನಷ್ಟ, ಪರೀಕ್ಷೆಯಲ್ಲಿ ಆ ಭಾಗವೂ ಬರುತ್ತದೆ. ಕೆಲವೇ ವಾರಗಳಲ್ಲಿ ಮಕ್ಕಳು ಒಬ್ಬರ ಮಾತು ಒಬ್ಬರು ಕೇಳತೊಡಗಿದರು. ನಮ್ಮ ನಲಿಕಲಿ ತರಗತಿಗಳಲ್ಲಿ ಗುಂಪು ಚಟುವಟಿಕೆ ಇದ್ದೇ ಇದೆ. ಅದನ್ನೇ ಮೇಲಿನ ತರಗತಿಗಳಿಗೆ, ಈ ರೀತಿಯಲ್ಲಿ ಒಯ್ಯಬಹುದು.

ಆಟದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮ್ಯಾಟ್ ಲೋ ಎಂಬ ಸಂಶೋಧಕ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಯುವಕರಿಗಾಗಿ ಕ್ರಿಕೆಟ್ ಲೀಗ್ ಏರ್ಪಡಿಸಿದ. ಕೆಲವು ತಂಡಗಳಲ್ಲಿ ಎಲ್ಲರೂ ಒಂದೇ ಜಾತಿಯವರು, ಕೆಲವು ತಂಡಗಳು ಮಿಶ್ರ. ಬೇರೆ ಜಾತಿಯವರು ತಮ್ಮದೇ ತಂಡದಲ್ಲಿದ್ದಾಗ ಜಾತಿ ಮೀರಿದ ಸ್ನೇಹ ಬೆಳೆಯಿತು. ಬೇರೆ ಜಾತಿಯವರು ಎದುರಾಳಿಗಳಾಗಿ ಮಾತ್ರ ಸಿಕ್ಕಾಗ ಇದ್ದ ಸ್ನೇಹವೂ ತಗ್ಗಿತು. ಕಬಡ್ಡಿಗೆ, ಖೋಖೋಗೆ ಕಾಲೋನಿ ಹುಡುಗರದ್ದೇ ಒಂದು ತಂಡ, ಊರ ಹುಡುಗರದ್ದೇ ಒಂದು ತಂಡ ಮಾಡುವುದು ಸುಲಭ, ಆಟಕ್ಕೆ ರಂಗೂ ಬರುತ್ತದೆ. ಅದನ್ನು ದಯವಿಟ್ಟು ಬಿಡಿ.

ಇನ್ನೊಂದು ಪ್ರಯೋಗ ಹೇಳಿ ನಮ್ಮ ಆನೆಗಳ ಕಡೆ ಬರುತ್ತೇನೆ. ಆಲ್ಪೋರ್ಟ್ ಪುಸ್ತಕ ಬಂದ ವರ್ಷವೇ ಮುಜಫರ್ ಶೆರಿಫ್ ಎಂಬ ಟರ್ಕಿ ಮೂಲದ ವಿಜ್ಞಾನಿ ಓಕ್ಲಹಾಮದ ಒಂದು ಬೇಸಿಗೆ ಶಿಬಿರದಲ್ಲಿ ಹುಡುಗರನ್ನು ಎರಡು ಗುಂಪು ಮಾಡಿ ಸ್ಪರ್ಧೆಗೆ ಬಿಟ್ಟ. ದಿನಗಳೊಳಗೆ ಬೈಗುಳ, ಬಾವುಟ ಸುಡುವುದು, ಒಬ್ಬರ ಕೋಣೆಗೆ ಒಬ್ಬರು ನುಗ್ಗುವುದು. ಒಟ್ಟಿಗೆ ಊಟ ಹಾಕಿಸಿದರೂ ಸಿನಿಮಾ ತೋರಿಸಿದರೂ ಜಗಳ ನಿಲ್ಲಲಿಲ್ಲ. ಶಿಬಿರಕ್ಕೆ ಬರುವ ನೀರೇ ನಿಂತುಹೋದಾಗ, ಎರಡೂ ಗುಂಪು ಸೇರದೆ ಅದನ್ನು ಸರಿಮಾಡಲು ಆಗದೆ ಹೋದಾಗ, ಅಂಥವೇ ಇನ್ನೂ ಕೆಲವು ಕೆಲಸಗಳು ಎದುರಾದಾಗ ಹಗೆ ತಗ್ಗಿತು.

ನಮಗೆ ಅಂಥ ಸಂಕಟವನ್ನು ಯಾರೂ ಹುಟ್ಟಿಸಬೇಕಾಗಿಲ್ಲ. ತೆಂಗಿನಕಲ್ಲು ಕಾಡಿನ ಕಡೆಯಿಂದ ಆನೆ ಬಂದರೆ ರಾಗಿ ಹೊಲ, ಬಾಳೆ, ಮಾವು, ತೆಂಗು ಯಾವುದೂ ಉಳಿಯುವುದಿಲ್ಲ. ರಾತ್ರಿ ಪಟಾಕಿ ಸದ್ದು ಕೇಳಿ ಬೆಳೆದ ಮಕ್ಕಳು ನಮ್ಮವು. ಆ ಆನೆಯ ನಡೆ ಓದಬಲ್ಲವರು ಯಾರು? ಒಂದು ತೋಪಿನಲ್ಲಿ ಬೆಳಗ್ಗೆ ಒಬ್ಬ ಇರುಳಿಗ ಹಿರಿಯ ಆನೆ ಹೆಜ್ಜೆ ಅಳೆಯುವುದನ್ನು ನಾನು ಕಂಡಿದ್ದೇನೆ. ಹಸಿ ಮಣ್ಣಿನಲ್ಲಿ ಮುಂಗಾಲಿನ ಗುರುತನ್ನು ಹುಡುಕಿ, ಸುತ್ತ ಬಾಳೆನಾರು ಇಟ್ಟು, ಕೂಡಿದ ಕಡೆ ಗಂಟು ಹಾಕಿ, ಆ ನಾರನ್ನು ಎರಡು ಪಟ್ಟು ಮಾಡಿ ಮರದ ಬೊಡ್ಡೆಗೆ ನೇರ ಹಿಡಿದು ತೋರಿಸಿದರು. "ಇಷ್ಟೆತ್ತರ ಐತೆ, ಒಂಟಿ." ಆನೆಯ ಮುಂಗಾಲಿನ ಸುತ್ತಳತೆಯ ಎರಡರಷ್ಟು ಅದರ ಹೆಗಲಿನ ಎತ್ತರ. ಹೆಚ್ಚುಕಡಿಮೆ ಸರಿಯಾಗಿ ಬರುವ ಲೆಕ್ಕ ಇದು, ಪ್ರಾಣಿಶಾಸ್ತ್ರಜ್ಞರೂ ಬಳಸುತ್ತಾರೆ. ಹೆಜ್ಜೆಯ ಸುತ್ತು ನಾಲ್ಕೂಕಾಲು ಅಡಿ ಬಂದರೆ ಆನೆ ಎಂಟೂವರೆ ಅಡಿ. ನಮ್ಮ ಮಕ್ಕಳಿಗೆ ವೃತ್ತದ ಪರಿಧಿ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಆ ಹಿರಿಯರನ್ನು ಒಂದು ದಿನ ತರಗತಿಗೆ ಕರೆಸಿ, ಮೇಷ್ಟ್ರ ಕುರ್ಚಿ ಕೊಟ್ಟು, ಮಕ್ಕಳಿಂದ ಅಜ್ಜ ಎನ್ನಿಸಿ ಪಾಠ ಮಾಡಿಸಿ. ಕೊನೆಯ ಸಾಲಿನಲ್ಲಿ ಕೂತ ಅವರ ಮೊಮ್ಮಗ ಆ ದಿನ ತರಗತಿಯನ್ನು ಬೇರೆ ರೀತಿ ನೋಡುತ್ತಾನೆ, ತರಗತಿಯೂ ಅವನನ್ನು.

ತಮಿಳುನಾಡಿನಲ್ಲಿ ಇವರ ದಾಯಾದಿಗಳಂತಿರುವ ಇರುಳರು 1978ರಲ್ಲಿ ಚೆನ್ನೈ ಹತ್ತಿರ ಹಾವು ಹಿಡಿಯುವವರ ಸಹಕಾರ ಸಂಘ ಕಟ್ಟಿಕೊಂಡರು. ನಮ್ಮ ಹೊಲದಲ್ಲಿ ಕೊಳಕುಮಂಡಲ ಕಚ್ಚಿದವರಿಗೆ ಆಸ್ಪತ್ರೆಯಲ್ಲಿ ಹಾಕುವ ಚುಚ್ಚುಮದ್ದಿಗೆ ಬೇಕಾದ ವಿಷದಲ್ಲಿ ಬಹುಪಾಲು ಬಂದಿರುವುದು ಅವರ ಕೈಯಿಂದ. ಆ ಸಂಘದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಮಕ್ಕಳಿಗೆ ಇದನ್ನು ಹೇಳಿ. ಆದರೆ ಉಪಯೋಗಕ್ಕೆ ಬಂದರಷ್ಟೇ ಗೌರವ ಎಂಬ ಅರ್ಥ ಬಾರದ ಹಾಗೆ ಹೇಳಿ. ಹಾವು ಹಿಡಿಯಲು ಬಾರದ, ಜೇನು ಕೀಳಲು ಬಾರದ, ಲೆಕ್ಕದಲ್ಲಿ ಹಿಂದಿರುವ ಇರುಳಿಗ ಮಗುವಿಗೂ ಪಕ್ಕದಲ್ಲಿ ಜಾಗ ಬೇಕು.

ಶಾಲಾ ವಾರ್ಷಿಕೋತ್ಸವದ ಬಗ್ಗೆ ಹೇಳದೆ ಇರಲಾರೆ. ಮಕ್ಕಳ ಮುಖಕ್ಕೆ ಮಸಿ ಬಳಿದು, ಸೊಂಟಕ್ಕೆ ಸೊಪ್ಪು ಕಟ್ಟಿ, ಕೈಗೆ ಭರ್ಜಿ ಕೊಟ್ಟು, ಝಿಂಗಾಲಾಲಾ ಎಂದು ಕುಣಿಸುವ ಕಾಡುಜನರ ನೃತ್ಯ ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ಅಂಥ ಜನ ಕರ್ನಾಟಕದ ಯಾವ ಕಾಡಿನಲ್ಲೂ ಇಲ್ಲ. ಪ್ರೇಕ್ಷಕರ ನಡುವೆ ಕೂತ ಇರುಳಿಗ ತಾಯಿಗೆ ಮಾತ್ರ ಎಲ್ಲರೂ ಯಾರನ್ನು ಕಂಡು ನಗುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ. ಈ ವರ್ಷದಿಂದ ಆ ನೃತ್ಯ ಬೇಡ.

ಇದನ್ನೆಲ್ಲ ಮೇಷ್ಟ್ರಿಗೆ ಬರೆಯದೆ ನಿಮಗೆ ಯಾಕೆ ಬರೆದೆ ಎಂದರೆ, ಆಲ್ಪೋರ್ಟ್ ಹೇಳಿದ ಕೊನೆಯ ಮಾತು, ಹಿರಿಯರ ಒಪ್ಪಿಗೆ, ಇರುವುದು ನಿಮ್ಮ ಕೈಯಲ್ಲಿ. ನರಮೇಧ ಕಂಡ ರುವಾಂಡದಲ್ಲಿ ಎಲಿಜಬೆತ್ ಪಲಕ್ ಎಂಬ ವಿಜ್ಞಾನಿ ಒಂದು ರೇಡಿಯೊ ನಾಟಕದ ಪರಿಣಾಮವನ್ನು ಅಳೆದರು. ಎರಡು ಊರುಗಳ ಹಗೆ ಮತ್ತು ರಾಜಿಯ ಕಥೆ ಅದು. ವರ್ಷವಿಡೀ ಕೇಳಿದವರ ಒಳಗಿನ ನಂಬಿಕೆ ಅಷ್ಟಾಗಿ ಬದಲಾಗಲಿಲ್ಲ. ಆದರೆ ನಮ್ಮ ಸಮಾಜದಲ್ಲಿ ಯಾವುದು ಸರಿ, ಯಾವುದು ಒಪ್ಪಿತ ಎಂಬ ತಿಳಿವಳಿಕೆ ಬದಲಾಯಿತು, ನಡತೆಯೂ ಬದಲಾಯಿತು. ಎಲ್ಲರ ಮನಸ್ಸನ್ನೂ ತೊಳೆಯುವವರೆಗೆ ಕಾಯಬೇಕಾಗಿಲ್ಲ. ಊರಿನಲ್ಲಿ ಮಾತು ನಡೆಯುವ ನಾಲ್ಕು ಜನ "ಇಲ್ಲಿ ಅಂಥ ಮಾತು ಬೇಡಪ್ಪ" ಎಂದು ಎಲ್ಲರ ಎದುರು ಒಮ್ಮೆ ಹೇಳಿದರೆ ಆಡುವವರ ಬಾಯಿ ತಗ್ಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದವರ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕಷ್ಟು ಜಾಗ ಇರಬೇಕು. ನಿಮ್ಮ ಸಮಿತಿಯಲ್ಲಿ ಇರುಳಿಗ ತಾಯಿಯೊಬ್ಬರು ಇದ್ದಾರೆಯೇ? ಇದ್ದರೆ ಸಭೆಯಲ್ಲಿ ಅವರಿಗೆ ಕುರ್ಚಿ ಇದೆಯೇ, ಅಥವಾ ರಿಜಿಸ್ಟರನ್ನು ಮನೆಗೆ ಕಳಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೀರಾ? ಸಭೆಯನ್ನು ಕೂಲಿ ಬಿಡುವ ಹೊತ್ತಿನ ಮೇಲೆ ಇಟ್ಟುಕೊಂಡರೆ ಅವರು ಬರಬಹುದು.

ನನ್ನ ಶಾಸ್ತ್ರದ ಮಿತಿಯನ್ನೂ ಹೇಳಬೇಕು. ತಮರ್ ಸಗುಯ್ ಮತ್ತು ಅವರ ಸಂಗಡಿಗರು 2009ರಲ್ಲಿ ತೋರಿಸಿದ ಒಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಬಲ ಇರುವವರೂ ಇಲ್ಲದವರೂ ಸೇರಿ ಹಿತವಾದ ಮಾತು ಮಾತ್ರ ಆಡಿಕೊಂಡರೆ, ಬಲ ಇಲ್ಲದವರಿಗೆ ಇನ್ನು ನ್ಯಾಯ ಸಿಗುತ್ತದೆ ಎಂಬ ಭರವಸೆ ಹುಟ್ಟುತ್ತದೆ, ಅಸಮಾನತೆಯ ಕಡೆ ಗಮನ ತಗ್ಗುತ್ತದೆ. ಆದರೆ ಬಲ ಇರುವವರು ಹಂಚುವ ಹೊತ್ತಿಗೆ ಹಳೆಯ ಹಾಗೇ ಹಂಚುತ್ತಾರೆ. ಸ್ನೇಹ ಬೆಳೆಯಿತು, ಪಾಲು ಬದಲಾಗಲಿಲ್ಲ. ಮಕ್ಕಳನ್ನು ಒಟ್ಟಿಗೆ ಕೂರಿಸಿ ಫೋಟೊ ತೆಗೆದು ಸುಮ್ಮನಾದರೆ ನಾವೂ ಅದನ್ನೇ ಮಾಡಿದಂತೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಮೀಸಲು ಪ್ರದೇಶದ ಒಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದು ಯಾರೂ ಅವರ ಮೇಲೆ ಕನಿಕರ ಪಟ್ಟದ್ದರಿಂದಲ್ಲ. ಅವರು ಸಂಘ ಕಟ್ಟಿ, ಗ್ರಾಮಸಭೆ ಮಾಡಿ, ಅರ್ಜಿ ಹಿಡಿದು ನಿಂತದ್ದರಿಂದ. ಕರಾವಳಿಯ ಕೊರಗರನ್ನು ಅವಮಾನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ಮನಸ್ಸು ಬದಲಾಗಲಿ, ಕಾನೂನೂ ನಡೆಯಲಿ. ಒಂದಕ್ಕಾಗಿ ಇನ್ನೊಂದು ಕಾಯುವುದು ಬೇಡ.

ಆದ್ದರಿಂದ ಸಮಿತಿಯ ಕೆಲಸ ಶಾಲೆಯ ಗೇಟಿಗೆ ಮುಗಿಯುವುದಿಲ್ಲ. ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆಯುವ ತಂದೆಯ ಜೊತೆ ಅಧ್ಯಕ್ಷರು ಒಂದು ಸಲ ಹೋದರೆ ಕೌಂಟರಿನ ಆಚೆಯ ದನಿ ಬದಲಾಗುತ್ತದೆ. ಇಟ್ಟಿಗೆಗೂಡಿಗೆ ಹೋಗುವ ಸಂಸಾರದ ಮಗುವನ್ನು ಅಜ್ಜಿಯ ಹತ್ತಿರ ಉಳಿಸಲು ಆಗುತ್ತದೆಯೇ, ಋತುಮಾನದ ವಸತಿ ವ್ಯವಸ್ಥೆ ಮಾಡಿಸಬಹುದೇ ಎಂದು ಬಿಇಒ ಅವರನ್ನು ಕೇಳಬೇಕಾದವರು ನೀವು. ಹಾಜರಿ ಪಟ್ಟಿಯಿಂದ ಹೆಸರು ಹೊಡೆದುಹಾಕುವ ಮುಂಚೆ ಯಾವ ಊರಿನ ಗೂಡು ಎಂದು ವಿಚಾರಿಸಿ, ಅಲ್ಲಿನ ಶಾಲೆಗೆ ಫೋನ್ ಮಾಡಿಸಿ. ಅರಣ್ಯ ಹಕ್ಕಿನ ಅರ್ಜಿ ಗ್ರಾಮಸಭೆಗೆ ಬಂದಾಗ ಕೋರಂ ಇಲ್ಲ ಎಂದು ಮುಂದೂಡುವ ಪರಿಪಾಠ ಇದೆ. ಆ ದಿನ ನೀವು ಹೋಗಿ ಕೂತರೆ ಕೋರಂ ಆಗುತ್ತದೆ.

ಮೊದಲ ಸಭೆಯ ನಡಾವಳಿ ಪುಸ್ತಕದಲ್ಲಿ ಇಷ್ಟು ಬರೆಸಿ: ಅಕ್ಷರದ ಪ್ರಕಾರ ಕೂರಿಸುವುದು, ಅರ್ಜಿಯನ್ನು ಕೂಗದೆ ಕೊಡುವುದು, ಮಿಶ್ರ ತಂಡ, ಆನೆ ಹೆಜ್ಜೆಯ ಪಾಠಕ್ಕೆ ಕರೆಸುವ ಹಿರಿಯರ ಹೆಸರು, ದಿನಾಂಕ, ಅವರಿಗೆ ಕೊಡುವ ಗೌರವಧನ. ಅವರು ಒಂದು ದಿನದ ಕೂಲಿ ಬಿಟ್ಟು ಬರುತ್ತಾರೆ, ಗೌರವಧನ ಅದಕ್ಕಿಂತ ಕಡಿಮೆ ಇರಬಾರದು. ಜಾತಿ ಹಿಡಿದು ಕರೆಯುವ, ಹೀಯಾಳಿಸುವ ಮಾತು ಶಾಲೆಯ ಆವರಣದಲ್ಲಿ ಕೇಳಿಬಂದರೆ ಯಾರು ಮಾತಾಡಿಸಬೇಕು ಎಂಬುದನ್ನೂ ಬರೆಸಿ. ನಿಮ್ಮಲ್ಲಿ ಯಾವ ಸಮಿತಿಗಾದರೂ ಇದರ ಬಗ್ಗೆ ಮಾತಾಡಲು, ಶಿಕ್ಷಕರ ಜೊತೆ ಕೂತು ಗುಂಪುಪಾಠ ಸಿದ್ಧಪಡಿಸಲು ನನ್ನ ನೆರವು ಬೇಕಿದ್ದರೆ ಶನಿವಾರ ಮಧ್ಯಾಹ್ನದ ಮೇಲೆ, ಭಾನುವಾರ ಯಾವ ಹೊತ್ತಿಗಾದರೂ ಬರುತ್ತೇನೆ. ನನ್ನ ವಿದ್ಯಾರ್ಥಿಗಳೂ ಬರಲು ಸಿದ್ಧರಿದ್ದಾರೆ. ಅವರಲ್ಲಿ ಕೆಲವರು ನಿಮ್ಮ ಶಾಲೆಗಳಲ್ಲೇ ಓದಿದವರು.

ಇಂತಿ ನಿಮ್ಮ ಊರಿನವಳು,
ಮನೋವಿಜ್ಞಾನ ಅಧ್ಯಾಪಕಿ,
ದೊಡ್ಡಮಳೂರು